ರೈತರ ಶಿಷ್ಯನಾದ ವಿಜ್ಞಾನಿ ಸರ್ ಆಲ್ಬರ್ಟ್ ಹೋವರ್ಡ್

ಹಟ್ಟಿಗೆ ಸೊಪ್ಪು ಹಾಸಿ, ಅದು ಸಗಣಿ ಗಂಜಲಗಳಲ್ಲಿ ನೆನೆದ ಮೇಲೆ ಎತ್ತಿ ಗುಂಡಿಗೆ ತುಂಬಿ, ಕಳಿತ ಗೊಬ್ಬರವನ್ನು ಅಡಿಕೆ ತೆಂಗುಗಳ ಬುಡಕ್ಕೆ ಹಾಕುವುದು ನಮ್ಮ ಕಾಸರಗೋಡಿನ ಕೃಷಿಕರಿಗೆ ಹಿರಿಯರಿಂದ ಬಂದ ವಿದ್ಯೆ. ಇಂತಹ ಹಳ್ಳಿಯ ತಿಳುವಳಿಕೆಯನ್ನು ಪ್ರಯೋಗಕ್ಕೆ ಒಡ್ಡಿ, ಅದಕ್ಕೆ ಲೋಕದ ಮನ್ನಣೆ ದೊರಕಿಸಿಕೊಟ್ಟವರಲ್ಲಿ ಸರ್ ಆಲ್ಬರ್ಟ್ ಹೋವರ್ಡ್ ಪ್ರಮುಖರು.

ಹೋವರ್ಡರು 1873ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಒಂದು ರೈತ ಕುಟುಂಬದಲ್ಲಿ ಜನಿಸಿದರು. ಲಂಡನ್ ಮತ್ತು ಕೇಂಬ್ರಿಜ್‌ಗಳಲ್ಲಿ ವಿಜ್ಞಾನ ಕಲಿತು, 1899ರಲ್ಲಿ ವೆಸ್ಟ್ ಇಂಡೀಸ್‌ಗೆ ತೆರಳಿ ಸಸ್ಯರೋಗಗಳ ಅಧ್ಯಯನದಲ್ಲಿ ತೊಡಗಿದರು. ಅಲ್ಲಿ ಅವರನ್ನು ಒಂದು ಕೊರಗು ಕಾಡಿತು. ರೈತನಿಗೆ ಉಪದೇಶ ನೀಡಬೇಕಾದ ತನಗೆ, ಆ ಉಪದೇಶವನ್ನು ಸ್ವತಃ ಪರೀಕ್ಷಿಸಿ ನೋಡಲು ಅಂಗೈಯಗಲ ಹೊಲವೂ ಇಲ್ಲವಲ್ಲ!

ಆ ಅವಕಾಶ ಒದಗಿದ್ದು ಭಾರತದಲ್ಲಿ. 1905ರಲ್ಲಿ ಬಿಹಾರದ ಪೂಸಾ ಕೃಷಿ ಸಂಶೋಧನಾಲಯಕ್ಕೆ ಸಸ್ಯಶಾಸ್ತ್ರಜ್ಞರಾಗಿ ಬಂದ ಅವರಿಗೆ ಸುಮಾರು 75 ಎಕರೆ ಭೂಮಿ ದೊರೆಯಿತು. ಅದೇ ವರ್ಷ ಅವರ ಕೈಹಿಡಿದ ಗೇಬ್ರಿಯೆಲ್ ಕೂಡ ಕೇಂಬ್ರಿಜ್‌ನಲ್ಲಿ ಕಲಿತ ಸಸ್ಯವಿಜ್ಞಾನಿ. ಪೂಸಾದ ಹೆಸರಾಂತ ಗೋಧಿ ತಳಿಗಳು ಈ ದಂಪತಿಗಳ ಜೊತೆಯ ದುಡಿಮೆಯ ಫಲ.

ಪೂಸಾದ ಸುತ್ತಲಿನ ಹಳ್ಳಿಗಳಲ್ಲಿ ರೈತರು ಔಷಧಿ ಸಿಂಪಡಿಸುತ್ತಿರಲಿಲ್ಲ, ರಾಸಾಯನಿಕ ಗೊಬ್ಬರವನ್ನೂ ಹಾಕುತ್ತಿರಲಿಲ್ಲ. ಆದರೂ ಅವರ ಬೆಳೆಗಳಿಗೆ ಕೀಟರೋಗಗಳ ಬಾಧೆ ಬಹಳ ಕಡಿಮೆಯಿರುವುದನ್ನು ಹೋವರ್ಡರು ಕಂಡರು. ಅಧಿಕಾರಿಯ ಗತ್ತನ್ನು ಬದಿಗಿಟ್ಟು ಆ ರೈತರನ್ನೇ ಗುರುಗಳೆಂದು ಬಗೆದರು. ಕೀಟಗಳನ್ನೂ ಗುರುಗಳ ಸಾಲಿಗೆ ಸೇರಿಸಿದರು. ಗಿಡಕ್ಕೆ ರೋಗ ಬಂದರೆ ಗಿಡವನ್ನಷ್ಟೇ ನೋಡಿದರೆ ಸಾಲದು. ಅದರ ಬೇರಿಗೆ ಗಾಳಿ ಸಿಗುತ್ತಿದೆಯೇ, ನೀರು ಬಸಿಯುತ್ತಿದೆಯೇ, ಮಣ್ಣಿನಲ್ಲಿ ಕಳಿತ ಸಾರವಿದೆಯೇ ಎಂದು ನೋಡಬೇಕು ಎಂಬ ನಿಲುವಿಗೆ ಅವರು ಬಂದರು.

1924ರಲ್ಲಿ ಅವರು ಇಂದೋರಿನ ಸಸ್ಯೋದ್ಯಮ ಸಂಸ್ಥೆಯ ನಿರ್ದೇಶಕರಾದರು. ಇಂದೋರ್ ಪದ್ಧತಿ ಎಂಬ ಗೊಬ್ಬರ ತಯಾರಿಕೆ ರೂಪುಗೊಂಡದ್ದು ಅಲ್ಲಿಯೇ. ಇದರಲ್ಲಿ ಅವರ ಸಹೋದ್ಯೋಗಿ ಯಶವಂತ ವಾಡ್ ಅವರ ಪಾಲು ದೊಡ್ಡದು. ಚೀನದ ರೈತರು ಕಸವನ್ನು ಕೂಡಿಟ್ಟು ಭೂಮಿಗೆ ಮರಳಿಸುವ ಕ್ರಮವೂ ಅವರಿಗೆ ದಾರಿದೀಪವಾಯಿತು.

ಪದ್ಧತಿಯ ಸ್ಥೂಲ ರೂಪ ಇಷ್ಟೇ. ಹೊಲದ ಕಸಕಡ್ಡಿ, ಎಲೆ, ಕಳೆಗಳೆಲ್ಲ ಮೊದಲು ದನಗಳ ಕೆಳಗೆ ಹಾಸಾಗಬೇಕು. ಹತ್ತಿಯ ಗಟ್ಟಿ ಕಡ್ಡಿಗಳನ್ನು ದಾರಿಯಲ್ಲಿ ಹರಡಿ, ಗಾಡಿಗಳ ಚಕ್ರದಡಿ ನುಗ್ಗಾಗುವಂತೆ ಮಾಡುತ್ತಿದ್ದರು. ಈ ಹಾಸನ್ನು ಸಗಣಿ, ಗಂಜಲ ಹೀರಿದ ಮಣ್ಣು ಮತ್ತು ಸೌದೆಯ ಬೂದಿಯೊಡನೆ ಪದರಪದರವಾಗಿ ಆಳವಿಲ್ಲದ ಗುಂಡಿಯಲ್ಲಿ ತುಂಬಿ ನೀರು ಚಿಮುಕಿಸಬೇಕು. ತುಳಿದು ಗಟ್ಟಿ ಮಾಡಬಾರದು, ಗಾಳಿಯಾಡಬೇಕು. ರಾಶಿ ಬಿಸಿಯೇರುತ್ತದೆ. ಸುಮಾರು ಎರಡು ವಾರಕ್ಕೆ, ತಿಂಗಳಿಗೆ, ಎರಡು ತಿಂಗಳಿಗೆ ಹೀಗೆ ಮೂರು ಸಲ ಮಗುಚಿದರೆ 90 ದಿನಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ. ಮಳೆಗಾಲದಲ್ಲಿ ಗುಂಡಿಯಲ್ಲಿ ನೀರು ನಿಂತು ಕೊಳೆತು ನಾರುವುದರಿಂದ ನೆಲದ ಮೇಲೆಯೇ ರಾಶಿ ಹಾಕಬೇಕು. ನಮ್ಮ ಜಿಲ್ಲೆಯ ಮಳೆಗೆ ಈ ಮಾತು ಹೆಚ್ಚು ಒಪ್ಪುತ್ತದೆ.

1930ರಲ್ಲಿ ಗೇಬ್ರಿಯೆಲ್ ತೀರಿಕೊಂಡರು. ಇಪ್ಪತ್ತೈದು ವರ್ಷಗಳ ಸಹಕರ್ಮಿಯನ್ನು ಕಳೆದುಕೊಂಡ ಹೋವರ್ಡರು ಮರುವರ್ಷ ಭಾರತದ ಸೇವೆಯಿಂದ ನಿವೃತ್ತರಾದರು. ಇಂದೋರ್ ಪದ್ಧತಿಯನ್ನು ವಿವರಿಸುವ ಗ್ರಂಥವೂ 1931ರಲ್ಲಿಯೇ ಹೊರಬಂತು. 1934ರಲ್ಲಿ ಸರ್ ಪದವಿ ದೊರೆಯಿತು. ಚಹಾ, ಕಾಫಿ ತೋಟದವರು ಅವರ ಪದ್ಧತಿಯನ್ನು ಕೈಗೆತ್ತಿಕೊಂಡರು. 1939ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಡಾ. ಸಿ. ಎನ್. ಆಚಾರ್ಯರು, ಮಗುಚುವ ಶ್ರಮವಿಲ್ಲದ ಬೆಂಗಳೂರು ಪದ್ಧತಿಯನ್ನು ರೂಪಿಸಿದರು.

ಹೋವರ್ಡರ ವಾದಗಳೆಲ್ಲ ಪ್ರಶ್ನಾತೀತವೇನಲ್ಲ. ಮಣ್ಣು ಚೆನ್ನಾಗಿದ್ದರೆ ಬೆಳೆಗೂ ದನಕ್ಕೂ ರೋಗವೇ ತಟ್ಟದೆನ್ನುವಷ್ಟು ದೂರ ಅವರು ಹೋದದ್ದನ್ನು ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ಕಳಿತ ಸಾರ ಮಣ್ಣನ್ನು ಹಗುರಗೊಳಿಸುತ್ತದೆ, ತೇವ ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳನ್ನು ಪೋಷಿಸುತ್ತದೆ ಎಂಬುದರಲ್ಲಿ ಇಂದು ಎರಡು ಮಾತಿಲ್ಲ.

1947ರ ಅಕ್ಟೋಬರ್ 20ರಂದು ಹೋವರ್ಡರು ನಿಧನರಾದರು. ಬೆಳೆಯ ಮೂಲಕ ಮಣ್ಣಿನಿಂದ ಪಡೆದುದನ್ನು ಮಣ್ಣಿಗೆ ಹಿಂದಿರುಗಿಸದಿದ್ದರೆ ಅದು ಮುಂದಿನ ಪೀಳಿಗೆಯ ಸೊತ್ತಿಗೆ ಕೈಹಾಕಿದಂತೆ ಎಂಬುದು ಅವರ ಬಾಳಿನ ಸಂದೇಶ. ನಮ್ಮ ಮುರಕಲ್ಲಿನ ಗುಡ್ಡದ ಇಳಿಜಾರುಗಳಲ್ಲಿ ಮೇಲ್ಮಣ್ಣು ತೆಳುವು. ಅದನ್ನೂ ಆಟಿಯ ಮಳೆ ಕೊಚ್ಚಿಕೊಂಡು ಹೋಗುತ್ತದೆ. ಹಟ್ಟಿಗಳು ಬರಿದಾಗುತ್ತಿವೆ, ಅಂಗಳ ಗುಡಿಸಿದ ತರಗೆಲೆಗೆ ಬೆಂಕಿ ಬೀಳುತ್ತಿದೆ. ಹಿತ್ತಿಲ ಮೂಲೆಯಲ್ಲಿ ಆ ಎಲೆಗಳನ್ನು ರಾಶಿ ಹಾಕಿ, ಒಂದಿಷ್ಟು ಸಗಣಿ ನೀರು ಎರೆದು, ಮೂರು ತಿಂಗಳು ಕಾದು ನೋಡೋಣ. ಬಸಳೆಯ ಚಪ್ಪರಕ್ಕೂ ಬೆಂಡೆಯ ಸಾಲಿಗೂ ಅದು ಸಾಕಷ್ಟಾದೀತು.