ತೊಟ್ಟಿ ಮಗುಚಿದ ಡಾಕ್ಟರ್

ಹಾಲಿನ ಪ್ಯಾಕೆಟ್ಟನ್ನೂ ಸೋಪು ನೀರಿನಲ್ಲಿ ತೊಳೆದು ಒಳಗಿಡುತ್ತಿದ್ದ ಲಾಕ್‌ಡೌನ್ ದಿನಗಳು. ಆನ್‌ಲೈನ್ ಕ್ಲಾಸ್ ಎಂದು ನಾನು ಮೈಸೂರಿನ ಮನೆಯಲ್ಲೇ ಇದ್ದೆ. ತಂಗಿಗೆ ಜ್ವರ ಬಂತು. ಎಲ್ಲರಿಗೂ ಕೊರೊನಾ ಭಯ. ಪರೀಕ್ಷೆ ಮಾಡಿಸಿದರೆ ಕೊರೊನಾ ಇರಲಿಲ್ಲ, ಡೆಂಗಿ ಇತ್ತು! ಹಿತ್ತಲಿಗೆ ಹೋಗಿ ನೋಡಿದೆ. ಡ್ರಮ್ಮಿನ ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಅದಕ್ಕೆ ಮುಚ್ಚಳ ಹಾಕದೆ ಬಿಟ್ಟವನು ನಾನೇ.

ತಂಗಿ ಚೇತರಿಸಿಕೊಂಡಳು, ನನ್ನ ಅಳುಕು ಮಾತ್ರ ಹೋಗಲಿಲ್ಲ. ಸೊಳ್ಳೆಗಳ ಬಗ್ಗೆ ಓದುತ್ತಾ ಹೋದಾಗ ಸಿಕ್ಕವರು ರೊನಾಲ್ಡ್ ರಾಸ್.

ರಾಸ್ ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ, 1857ರ ಮೇ 13ರಂದು. ಕವಿತೆ, ಚಿತ್ರಕಲೆ ಎಂದರೆ ಪ್ರಾಣ. ಆದರೆ ಸೇನಾಧಿಕಾರಿಯಾಗಿದ್ದ ಅಪ್ಪನ ಇಷ್ಟದಂತೆ ವೈದ್ಯಕೀಯ ಓದಬೇಕಾಯಿತು. ಒಂದು ಪರೀಕ್ಷೆಯಲ್ಲಿ ಫೇಲಾದರು. ಹಡಗಿನಲ್ಲಿ ವೈದ್ಯರಾಗಿ ದುಡಿದು, ಮತ್ತೆ ಪರೀಕ್ಷೆ ಕಟ್ಟಿ ಪಾಸಾಗಿ, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದರು.

1883ರಲ್ಲಿ ಅವರಿಗೆ ಬೆಂಗಳೂರಿನ ದಂಡಿನಲ್ಲಿ ಕೆಲಸ. ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳನ್ನು ಕಂಡು ಅದನ್ನು ಮಗುಚಿ ಹಾಕಿದರು, ಕಾಟ ಕಡಿಮೆಯಾಯಿತು. ಭೋಜನಶಾಲೆಯಲ್ಲೂ ಹೀಗೇ ಮಾಡೋಣವೆಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆ ಪ್ರಕೃತಿಯ ಸೃಷ್ಟಿ, ಸಹಿಸಿಕೊಳ್ಳಬೇಕು ಎಂಬುದು ಅವರ ವಾದ.

1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆಂದು ರಾಸ್ ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಿದರು. ಆ ಗಡಿಬಿಡಿಯ ನಡುವೆಯೂ ಮಲೇರಿಯಾ ಹೇಗೆ ಹರಡುತ್ತದೆ ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಮುಂದೆ ಸಿಕಂದರಾಬಾದಿನಲ್ಲಿ ಸೆಕೆಯಲ್ಲಿ ಕೂತು ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡಿದರು. ಸೊಳ್ಳೆ ಹಾರಿಹೋದೀತೆಂದು ಪಂಕಾ ಕೂಡ ಬೀಸಿಸಿಕೊಳ್ಳಲಿಲ್ಲ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪು ತುಕ್ಕು ಹಿಡಿಯಿತು. 1897ರ ಆಗಸ್ಟ್ 20ರಂದು ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡಿತು. ಇಂದಿಗೂ ಆ ದಿನವೇ ವಿಶ್ವ ಸೊಳ್ಳೆ ದಿನ. 1902ರಲ್ಲಿ ನೊಬೆಲ್ ಬಂತು.

ಎಂಜಿನಿಯರಿಂಗ್ ಓದುವ ನನಗೆ ಹೆಚ್ಚು ಹಿಡಿಸಿದ್ದು ಅವರ ಗಣಿತ. ಕಾಯಿಲೆ ನಿಲ್ಲಿಸಲು ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ಸಾಕು ಎಂದು ಅವರು ಸಮೀಕರಣ ಬರೆದು ತೋರಿಸಿದರು. 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಡೆಂಗಿ ತರುವುದು ಬೇರೆ ಸೊಳ್ಳೆ, ಈಡಿಸ್. ಅದು ಹಗಲಲ್ಲೇ ಕಚ್ಚುತ್ತದೆ, ಮನೆಯ ಶುಚಿಯಾದ ನಿಂತ ನೀರಿನಲ್ಲೇ ಬೆಳೆಯುತ್ತದೆ. ಅದರ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಒಣಗಿದ ಡ್ರಮ್ಮಿನ ಗೋಡೆಗೆ ಅಂಟಿಕೊಂಡ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ನೀರು ಚೆಲ್ಲಿದರಷ್ಟೇ ಸಾಲದು, ಉಜ್ಜಿ ತೊಳೆಯಬೇಕು.

ಸ್ಯಾನಿಟೈಸರ್ ಹಚ್ಚಿಕೊಂಡ ಕೈಯಲ್ಲೇ ಈಗ ಪ್ರತಿ ಭಾನುವಾರ ಬ್ರಷ್ಷು ಹಿಡಿಯುತ್ತೇನೆ. ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ಎಲ್ಲ ತೊಳೆಯಲು ಅರ್ಧ ಗಂಟೆ. ಮುಚ್ಚಳ ಸರಿಯಾಗಿದೆಯಾ ಎಂದು ತಂಗಿ ಬಂದು ನೋಡಿ ಹೋಗುತ್ತಾಳೆ.