ತಾಯಂದಿರ ಹಿತೈಷಿಣಿ ಡಾಕ್ಟರ್ ಲೂಸಿ ವಿಲ್ಸ್

ಸಾಲಿಗ್ರಾಮ, ಹುಣಸೂರು ಸೀಮೆಗಳ ಗರ್ಭಿಣೀ ಸ್ತ್ರೀಯರಿಗೆ ಇಂದು ಆಸ್ಪತ್ರೆಗಳಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯನ್ನು ನಮ್ಮ ವಾಚಕಿಯರೆಲ್ಲರೂ ಬಲ್ಲರು. ಆ ಆಮ್ಲದ ಶೋಧನೆಗೆ ದಾರಿ ತೋರಿದವರು ಒಬ್ಬ ಸ್ತ್ರೀಯೆಂಬುದನ್ನು ಬಲ್ಲವರು ವಿರಳ. ಆಕೆಯೇ ಡಾಕ್ಟರ್ ಲೂಸಿ ವಿಲ್ಸ್.

ಈಕೆಯು 1888ನೆಯ ಇಸವಿ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಮೀಪದಲ್ಲಿ ಜನಿಸಿದರು. ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ವ್ಯಾಸಂಗ ಮಾಡಿದರು. ಮೊದಲನೆಯ ಮಹಾಯುದ್ಧವು ಆರಂಭವಾದಾಗ ದಕ್ಷಿಣ ಆಫ್ರಿಕದಲ್ಲಿ ರೋಗಿಗಳ ಶುಶ್ರೂಷೆಗೆ ನಿಂತರು. ಬಳಿಕ ಲಂಡನ್ನಿನ ಸ್ತ್ರೀಯರ ವೈದ್ಯಶಾಲೆಯನ್ನು ಸೇರಿ 1920ರಲ್ಲಿ ವೈದ್ಯೆಯಾದರು.

1928ರಲ್ಲಿ ಮುಂಬಯಿಗೆ ಬಂದು, ಬಡ ಗರ್ಭಿಣಿಯರನ್ನು ಪೀಡಿಸುತ್ತಿದ್ದ ಒಂದು ಘೋರವಾದ ರಕ್ತಹೀನತೆಯನ್ನು ಕುರಿತು ಪರಿಶೋಧನೆಗೆ ಕೈಯಿಟ್ಟರು. ಈ ವ್ಯಾಧಿಯಲ್ಲಿ ರಕ್ತಕಣಗಳು ಪಕ್ವವಾಗದೆ, ಗಾತ್ರದಲ್ಲಿ ಹಿಗ್ಗಿ, ಸಂಖ್ಯೆಯಲ್ಲಿ ಕುಗ್ಗುತ್ತಿದ್ದವು. ಅನೇಕ ತಾಯಂದಿರು ಪ್ರಾಣವನ್ನೇ ನೀಗುತ್ತಿದ್ದರು. ಆಕೆಯು ಆ ಸ್ತ್ರೀಯರ ಆಹಾರವನ್ನು ವಿಚಾರಿಸಿದರು. ದೋಷವು ಊಟದ ಕೊರತೆಯಲ್ಲಿದೆಯೆಂದು ಶಂಕಿಸಿದರು. 1929ರಲ್ಲಿ ನಮ್ಮ ಮೈಸೂರು ಸೀಮೆಗೆ ಸಮೀಪವಾದ ನೀಲಗಿರಿಯ ಕೂನೂರಿನಲ್ಲಿಯೂ ಕೆಲಸ ಮಾಡಿದರು. ಕಡೆಗೆ, ಸುಲಭಬೆಲೆಯ ಮಾರ್ಮೈಟ್ ಎಂಬ ಹುದುಗುಸಾರದಿಂದ ರೋಗಿಗಳು ಚೇತರಿಸಿಕೊಳ್ಳುವುದನ್ನು ಕಂಡು, 1931ರಲ್ಲಿ ಆ ಸಂಗತಿಯನ್ನು ಲೋಕಕ್ಕೆ ತಿಳಿಸಿದರು.

ಆ ಸಾರದಲ್ಲಡಗಿದ್ದ ಜೀವಸತ್ವವನ್ನು 1941ರಲ್ಲಿ ಅಮೆರಿಕದ ಪಂಡಿತರು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಕರೆದರು. 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದವರ ಮುಂದಾಳು ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು. ಲೂಸಿ ವಿಲ್ಸ್ ಅವರು 1964ನೆಯ ಏಪ್ರಿಲ್ 16ರಂದು ಕಾಲವಾದರು. ಗರ್ಭಧಾರಣೆಗೆ ಮುಂಚಿನಿಂದಲೇ ಈ ಆಮ್ಲವನ್ನು ಸೇವಿಸಿದರೆ ಶಿಶುವಿನ ಬೆನ್ನುಹುರಿಯ ವೈಕಲ್ಯಗಳು ಬಹುಮಟ್ಟಿಗೆ ತಪ್ಪುತ್ತವೆಂಬುದು 1991ರಲ್ಲಿ ಸ್ಥಿರಪಟ್ಟಿತು. ಆ ಫಲವನ್ನು ನೋಡಲು ಆಕೆಯು ಉಳಿದಿರಲಿಲ್ಲ.

ಗರ್ಭಸ್ಥ ಶಿಶುವಿನ ಮಿದುಳು ಮತ್ತು ಬೆನ್ನುಹುರಿಗಳಿಗೆ ಮೂಲವಾದ ನಾಳವು ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುವುದು. ತಾನು ಗರ್ಭಿಣಿಯೆಂದು ತಾಯಿಗೆ ತಿಳಿಯುವ ವೇಳೆಗೆ ಆ ಕಾಲವು ಮೀರಿರಬಹುದು. ಆದುದರಿಂದ ಮಗುವನ್ನು ಬಯಸುವವರು ವೈದ್ಯರನ್ನು ಮೊದಲೇ ಕಾಣುವುದು ಯುಕ್ತ. ನಾಲ್ಕನೆಯ ತಿಂಗಳಿನಿಂದ 60 ಮಿಲಿಗ್ರಾಂ ಕಬ್ಬಿಣವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಕೂಡಿದ ಗುಳಿಗೆಯನ್ನು ದಿನಕ್ಕೊಂದರಂತೆ 180 ದಿನ ಕೊಡುವುದು ಸರಕಾರದ ಕ್ರಮ. ಗುಳಿಗೆಯನ್ನು ಕಾಫಿ, ಚಹಗಳೊಡನೆ ನುಂಗಿದರೆ ಕಬ್ಬಿಣವು ದೇಹಕ್ಕೆ ಸರಿಯಾಗಿ ಹತ್ತದು.

ನಮ್ಮ ಅಡಿಗೆಮನೆಯೂ ಬಡವಾದುದಲ್ಲ. ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಫೋಲಿಕ್ ಸತ್ವವು ಸೊಪ್ಪುಕಾಳುಗಳಲ್ಲಿದೆ. ಅದು ನೀರಿನಲ್ಲಿ ಕರಗುವುದು, ಬಹಳ ಬೇಯಿಸಿದರೆ ನಶಿಸುವುದು. ಬೆಂದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಅಜ್ಜಿಯರ ಪದ್ಧತಿಯು ಇದಕ್ಕೆ ಒಪ್ಪುವಂತಹುದು. ಆದರೂ ಊಟವೊಂದರಿಂದಲೇ ಗುಳಿಗೆಯ ಕೆಲಸವು ಪೂರೈಸದು.

ವಿದ್ಯಾವಂತೆಯರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ನೆರೆಮನೆಯ ಗರ್ಭಿಣಿಯು ಗುಳಿಗೆಯನ್ನು ಕಪಾಟಿನಲ್ಲಿರಿಸದೆ ಸೇವಿಸುವಂತೆ ನೋಡಿಕೊಂಡಲ್ಲಿ, ಈ ಮಹಿಳೆಯ ಶ್ರಮವು ನಮ್ಮೂರಿನಲ್ಲಿಯೂ ಸಾರ್ಥಕವಾಗುವುದು.