ಕುದ್ಮುಲ್ ರಂಗರಾಯರು

ಬಡಮಕ್ಕಳಿಗೆಂದು ಶಾಲೆ ತೆರೆದ ಪುಣ್ಯಾತ್ಮರು ನಮ್ಮ ನಾಡಿನಲ್ಲಿ ಹಲವರು. ತೆರೆದ ಶಾಲೆಯಲ್ಲಿ ಆ ಮಕ್ಕಳು ನಿಲ್ಲಬೇಕಾದರೆ ಏನೇನು ಬೇಕೆಂದು ಲೆಕ್ಕ ಹಾಕಿ ನಡೆದವರು ವಿರಳ. ಅಂಥವರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ಒಬ್ಬರು.

ರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಈಗ ಕೇರಳಕ್ಕೆ ಸೇರಿರುವ ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣರ ಮನೆತನದಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಮೊದಲು ಉಪಾಧ್ಯಾಯರಾದರು, ಅನಂತರ ವಕೀಲರಾದರು. ಬ್ರಹ್ಮ ಸಮಾಜದ ವಿಚಾರಗಳು ಅವರನ್ನು ಸೆಳೆದವು.

1892ರಲ್ಲಿ ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆಯನ್ನು ಆರಂಭಿಸಿದರು. ಊರಿನ ಮೇಲ್ಜಾತಿಯವರು ಸಿಟ್ಟಾದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಶಾಲೆಯ ಜಾಗವನ್ನು ಬದಲಾಯಿಸಬೇಕಾಯಿತು. ಜಾಗ ಬದಲಾಯಿತೇ ಹೊರತು ಶಾಲೆ ನಿಲ್ಲಲಿಲ್ಲ.

ಆದರೆ ಹೊರಗಿನ ವಿರೋಧಕ್ಕಿಂತ ದೊಡ್ಡ ತೊಡಕು ಗುಡಿಸಲಿನೊಳಗಿತ್ತು. ಕೂಲಿಯ ಮನೆಯಲ್ಲಿ ಮಗುವೂ ಒಂದು ದುಡಿಯುವ ಕೈ. ಅದು ಶಾಲೆಗೆ ಹೋದ ದಿನ ಮನೆಯ ಗಂಜಿ ಅಷ್ಟು ತೆಳುವಾಗುತ್ತದೆ. ರಾಯರು ತಂದೆತಾಯಿಗಳಿಗೆ ವಿದ್ಯೆಯ ಮಹಿಮೆಯನ್ನು ಉಪದೇಶಿಸುತ್ತ ಕೂರಲಿಲ್ಲ. ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು, ಪುಸ್ತಕ ಸ್ಲೇಟು ಕೊಟ್ಟರು, ಬಂದವರಿಗೆ ಒಂದಷ್ಟು ಕಾಸನ್ನೂ ಕೊಡಿಸಿದರು. ಅನ್ನದ ಆಸೆ ತೋರಿಸಿ ಮಕ್ಕಳನ್ನು ಕೂಡಿಹಾಕುವುದು ವಿದ್ಯೆಯೇ ಎಂದು ಕೇಳುವವರು ಎಂದಿಗೂ ಇರುತ್ತಾರೆ. ಹಾಗೆ ಕೇಳುವವರು ಹಸಿದು ಪಾಠ ಕೇಳಿದವರಲ್ಲವೆಂದೇ ನನ್ನ ಭಾವನೆ. ನಮ್ಮ ಬಂಡಳ್ಳಿಯ ಕಡೆ ಮೇಕೆ ಕಾಯುವ ಹುಡುಗ ಶಾಲೆಗೆ ಹೊರಟರೆ ಮೇಕೆಯ ಹಿಂದೆ ಯಾರು ಹೋಗಬೇಕೆಂಬುದೇ ಮೊದಲ ಪ್ರಶ್ನೆ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲೇರಿದವನು ನಾನೇ ಮೊದಲಿಗ; ರಾಯರ ಲೆಕ್ಕ ನನಗೆ ಬರಿಯ ಪುಸ್ತಕದ ಮಾತಾಗಿ ಕಾಣುವುದಿಲ್ಲ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಅವರಿಂದ ರೂಪುಗೊಂಡಿತು. ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಅದಕ್ಕೆ ನೆಲೆ ದೊರೆಯಿತು. ಅಕ್ಷರದ ಜೊತೆಗೆ ನೇಯ್ಗೆಯಂಥ ಕಸುಬುಗಳನ್ನೂ ಕಲಿಸಿದರು. ಕೊರಗರೇ ಮೊದಲಾದವರಿಗೆ ಮನೆ ನಿವೇಶನಗಳಿಗಾಗಿ ದುಡಿದರು. ಇಷ್ಟಕ್ಕೆಲ್ಲ ಹಣವೆಲ್ಲಿಂದ? ತಮ್ಮ ಸಂಪಾದನೆಯನ್ನು ಸುರಿದರು. ಸಾಲದುದಕ್ಕೆ ಉದಾರಿಗಳ ಮುಂದೆ ಕೈಯೊಡ್ಡಿದರು.

ಪರರಿಗೆ ಹೇಳಿದ್ದನ್ನು ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿಯನ್ನು ಉನ್ನತ ವ್ಯಾಸಂಗ ಮಾಡಿಸಿ, ಜಾತಿಯ ಹೊರಗೆ ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಆ ಅಳಿಯ 1926ರಲ್ಲಿ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. 1956ರವರೆಗೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ನಮ್ಮ ಕೊಳ್ಳೇಗಾಲ ತಾಲ್ಲೂಕು ಆಗ ಅದೇ ಪ್ರಾಂತಕ್ಕೆ ಸೇರಿತ್ತೆಂಬುದು ಇಲ್ಲಿ ಸುಮ್ಮನೆ ನೆನಪಾಗುತ್ತದೆ.

ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದ ರಾಯರು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರ ಕೈಯಿಂದಲೇ ಮಾಡಿಸಬೇಕೆಂದು ಮೊದಲೇ ತಿಳಿಸಿದ್ದರು. ಆರು ವರ್ಷಗಳ ಮೇಲೆ, 1934ರಲ್ಲಿ, ಮಂಗಳೂರಿಗೆ ಬಂದ ಗಾಂಧೀಜಿ ಅವರ ಸಂಸ್ಥೆಯನ್ನು ನೋಡಿದರು.

ರಾಯರ ಒಂದು ಬಯಕೆಯನ್ನು ಅವರ ಸಮಾಧಿಯ ಮೇಲೆ ಬರೆಯಿಸಿದ್ದಾರೆ. ತಮ್ಮ ಶಾಲೆಯಲ್ಲಿ ಕಲಿತ ದಲಿತರ ಮಗುವೊಂದು ಸರ್ಕಾರದ ದೊಡ್ಡ ಕೆಲಸಕ್ಕೆ ಸೇರಿ, ಅದೇ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು. ಆ ಕಾರು ಎಬ್ಬಿಸುವ ಧೂಳು ತಮ್ಮ ತಲೆಯ ಮೇಲೆ ಬೀಳಬೇಕೆಂಬುದೇ ಆ ಬಯಕೆ.